ಎಲ್ಲರನ್ನೂ ಸಾಲಿಗೆ ನಿಲ್ಲಿಸಿದವಳು

ಯಾರದೋ ಊರುಗೋಲು ಸೀಟಿನಡಿಯಿಂದ ಉರುಳಿ ಬಂದು ಕಾಲಿಗೆ ತಾಗಿತು, ಟಾಲ್ಬರ್ಟ್ ತಾತನದೇ ಇರಬೇಕು, ಮರೆತು ಇಳಿದಿದ್ದಾರೆ, ಕೊಂಡೊಯ್ದು ಕೊಡೋಣವೆಂದು ಲೂವೀನಿಯಾ ಅರ್ಧ ಎದ್ದವಳು ಮತ್ತೆ ಕೂತಳು, ಈಗ ಆ ಕಡೆ ಹೋಗುವ ಹಾಗಿಲ್ಲ, ಹೊತ್ತು ಮುಗಿಯಿತು — ಚರ್ಚಿನ ವ್ಯಾನಿನ ಗಾಜಿನಾಚೆ ರಸ್ತೆ ಇಲಾಖೆಯ ತಗಡಿನ ಶೆಡ್ಡು, ಅದರ ಹಳದಿ ದೀಪ, ದೀಪದ ಕೆಳಗೆ ಓಟಿನ ಸಾಲು, ಸಾಲಿನಲ್ಲಿ ಅವಳೇ ಕರೆತಂದ ಅವಳ ಕಪ್ಪು ಜನ, ವ್ಯಾನಿನಲ್ಲಿ ಅವಳೊಬ್ಬಳೇ, ಓಟು ಹಾಕದೆ, ಹದಿನೆಂಟು ತುಂಬಿದಾಗಿನಿಂದ ಒಂದೇ ಒಂದು ಚುನಾವಣೆ ತಪ್ಪಿಸದವಳು. ನಗು ಬರುತ್ತದೆ, ಇಲ್ಲ, ನಗುವಲ್ಲ ಅದು. ಬೇಸಿಗೆಯಿಡೀ ಚರ್ಚಿನ ನೆಲಮಾಳಿಗೆಯಲ್ಲಿ, ಬುಧವಾರದ ಪ್ರಾರ್ಥನೆ ಮುಗಿದ ಮೇಲೆ, ಪಾಠ ಹೇಳಿದವಳು ಯಾರು, ಇವಳೇ ತಾನೆ, ನೋಡೀ, ಮತದಾರರ ಪಟ್ಟೀಲಿ ಹೆಸರು ಇನ್ನೂ ಇದೆಯಾ ಅಂತ ಈಗ್ಲೇ ವಿಚಾರಿಸ್ಕೊಳ್ಳಿ, ಹೇಳ್ದೆ ಕೇಳ್ದೆ ತೆಗ್ದುಬಿಡ್ತಾರೆ, ಗುರುತಿನ ಚೀಟಿ ಇವತ್ತೇ ಪರ್ಸಿಗೆ ಹಾಕ್ಕೊಳ್ಳಿ, ಹೊಟ್ಟೆ ತುಂಬ ತಿಂದು ಬನ್ನಿ, ಸಕ್ಕರೆ ಕಾಯಿಲೆಯವ್ರು ಮಾತ್ರೆ ಮರೀಬೇಡಿ, ಸಾಲು ಬಿಟ್ಟು ಕದಲ್ಬೇಡಿ, ಯಾರೇನಂದ್ರೂ ಎದುರು ಮಾತಾಡ್ಬೇಡಿ, ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗೆಳತಿ ಮೇಬೆಲ್, ಅಲ್ವೇ ಲೂ, ನಾವು ಓಟು ಹಾಕಕ್ಕೆ ಹೋಗ್ತಿದೀವೋ ಯುದ್ಧಕ್ಕೆ ಹೋಗ್ತಿದೀವೋ, ನಮಗೆ ಎರಡೂ ಒಂದೇ ಕಣೇ, ಬಾಯ್ಮುಚ್ಕೊಂಡು ಕೇಳು, ಎಲ್ಲರೂ ಗೊಳ್ಳೆಂದು ನಕ್ಕಿದ್ದರು, ಕರಿದ ಮೀನಿನ ವಾಸನೆ, ಬೀಸಣಿಗೆಗಳ ಪಟಪಟ. ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಅವಳಿಗೆ ಹೇಳಿಕೊಡಲು ಯಾರೂ ಇರಲಿಲ್ಲ.

ಮೊದಲಾದರೆ ವ್ಯಾನೇ ಬೇಕಿರಲಿಲ್ಲ, ಹಳೇ ಶಾಲೆಯಲ್ಲೇ ಮತಗಟ್ಟೆ, ಒಲೆಯ ಮೇಲೆ ಹುರುಳಿ ಇಟ್ಟು ಹೋಗಿ ಓಟು ಹಾಕಿ ಬಂದರೆ ಇನ್ನೂ ಬೆಂದಿರುತ್ತಿರಲಿಲ್ಲ, ಅದನ್ನು ಮುಚ್ಚಿದರು, ಖರ್ಚು ಉಳಿಯುತ್ತದಂತೆ, ಯಾರ ಖರ್ಚು ಸ್ವಾಮಿ, ಈಗ ನದಿ ದಾಟಿ ಇಷ್ಟು ದೂರ, ಮತಪತ್ರ ನುಂಗುವ ಯಂತ್ರ ಒಂದೇ ಒಂದು, ಅದೂ ಮಧ್ಯಾಹ್ನ ಕೆಟ್ಟು ಕೂತಿತ್ತು. ಆದರೂ ಬರಲೇಬೇಕಿತ್ತು, ಈ ಸಲವಂತೂ ಬರಲೇಬೇಕಿತ್ತು, ಹಿತ್ತಲಿನ ನೀರಿಗಾಗಿ — ನೀರು ಎನ್ನುವುದು ನಾಚಿಕೆಗೆ, ಅದು ನೀರಲ್ಲ, ಈ ಕಡೆಯ ಕಪ್ಪು ಎರೆಮಣ್ಣು ಹನಿಯನ್ನೂ ಕುಡಿಯುವುದಿಲ್ಲ, ಪಾಯಿಖಾನೆಯಿಂದ ಹೋದದ್ದೆಲ್ಲ ಹಿತ್ತಲಲ್ಲೇ ನಿಲ್ಲುತ್ತದೆ, ಮಳೆ ಬಂದರೆ ಮೆಟ್ಟಿಲವರೆಗೆ ಬರುತ್ತದೆ, ಚರಂಡಿಯ ಪೈಪು ಬಿಳಿಯರ ಬೀದಿಯ ತುದಿಯಲ್ಲೇ ಮುಗಿದುಹೋಗಿದೆ, ಅದರಾಚೆಗೆ ಮನುಷ್ಯರೇ ಇಲ್ಲವೇನೋ ಎಂಬ ಹಾಗೆ. ಮೊಮ್ಮಗಳು ತಾಮಿಯಾ ಬರಿಗಾಲಲ್ಲಿ ಅದರೊಳಗಿಂದ ಚೆಂಡು ತರಲು ಹೋದವಳು, ಬರುಬರುತ್ತಾ ಬಿಳುಚಿಕೊಂಡಳು, ಡಾಕ್ಟರು ಹೊಟ್ಟೆಯಲ್ಲಿ ಹುಳ, ಬರಿಗಾಲಿನಿಂದ ಹತ್ತಿದ್ದು ಎಂದರು, ಈ ದೇಶದಲ್ಲಿ, ಈ ಕಾಲದಲ್ಲಿ. ಪೈಪು ಇಲ್ಲಿಯವರೆಗೆ ತರ್ತೀನಿ ಅಂದವರು ಅರ್ಡೆಲ್ ಟೀಚರು ಒಬ್ಬರೇ, ಅದಕ್ಕೇ ಅವರು ಗೆಲ್ಲಬೇಕು, ಎದುರಿಗೆ ನಿಂತವನು ಆ ಜನಕ್ಕೆ ಪೈಪು ಹಾಕೋದು ದುಡ್ಡು ಮಣ್ಣಿಗೆ ಸುರಿದ ಹಾಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಬೆಳಿಗ್ಗೆ ತಾಮಿಯಾ ಬಾಗಿಲಲ್ಲಿ, ಅಜ್ಜೀ, ಮರೀದೆ ಹಾಕ್ಬಿಟ್ಟು ಬಾ, ಮರೆಯೋಕೆ ನಾನೇನು ನಿನ್ನ ಹಾಗೇನೇ, ಹೋಗು ಶೂ ಹಾಕ್ಕೋ. ಅವ್ವ ಇದ್ದಿದ್ದರೆ — ಅವ್ವ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದಳೆಂದು ಜಮೀನ್ದಾರ ಗುತ್ತಿಗೆ ಹೊಲದ ಮನೆಯಿಂದ ಸಾಮಾನು ಸಮೇತ ಹೊರಗೆಸೆದಿದ್ದ, ಎರಡು ಚಳಿಗಾಲ ಡೇರೆಯಲ್ಲಿ, ಒದ್ದೆ ಕ್ಯಾನ್ವಾಸಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ, ಪುಟ್ಟ ಲೂವೀನಿಯಾ ಅಳುತ್ತಾ, ಅವ್ವಾ ಆ ಹೆಸ್ರು ಅಳಿಸ್ಬಿಡು, ಮನೆಗೆ ಹೋಗಣ, ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ, ಆ ಡೇರೆಯಲ್ಲೇ ಇಸ್ತ್ರಿ ಕಾಯಿಸಿ ಇದ್ದೊಂದು ಒಳ್ಳೇ ಉಡುಪನ್ನು ತಿಕ್ಕಿ ತಿಕ್ಕಿ ಇಸ್ತ್ರಿ ಮಾಡುತ್ತಿದ್ದಳು, ಓಟಿನ ದಿನಕ್ಕೆ ಮಗಾ, ಸುಕ್ಕು ಇರಬಾರ್ದು, ಅವ್ರಿಗೆ ನಗೋಕೆ ಏನೂ ಸಿಗಬಾರ್ದು.

ತಪ್ಪು ಯಾರದು, ಯಂತ್ರದ್ದು ಎನ್ನಬಹುದು, ದಾರಿಯದು ಎನ್ನಬಹುದು, ಆದರೆ ಹಾಳಾದ್ದು ಈ ಅಭ್ಯಾಸದ್ದು. ವರ್ಷಾನುಗಟ್ಟಲೆ ಭಾನುವಾರದ ಆರಾಧನೆಗೆ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು, ಎಡಗೈ ಬೆನ್ನಿಗೆ ಕಟ್ಟಿ ನಿಂತವಳು, ಬಂದವರನ್ನೆಲ್ಲ ಬೆಂಚಿಗೆ ಕರೆದೊಯ್ದು ಕೂರಿಸುವವಳು, ಎಲ್ಲರೂ ಕೂತ ಮೇಲೂ ಕೂರದವಳು, ಅದೇ ಸೇವೆ, ಅದೇ ಮರ್ಯಾದೆ, ಬಾಗಿಲು ಕಾಯುವವಳು ಮೊದಲು ಕೂತರೆ ಊರು ಆಡಿಕೊಳ್ಳುತ್ತದೆ. ಬೆಳಿಗ್ಗೆ ಮೊದಲ ಸುತ್ತಿನಲ್ಲೇ ಹಾಕಿಬಿಡಬಹುದಿತ್ತು, ಮೇಬೆಲ್ ಅಂದೂ ಅಂದಳು, ಮೊದ್ಲು ನೀನು ಹಾಕ್ಬಿಟ್ಟು ಆಮೇಲೆ ನಮ್ಮನ್ನ ಕರ್ಕೊಂಡು ಬಾರೇ, ಹೋಗೇ, ನಂದೇನು ಮಹಾ, ಕೊನೇಲಿ ಹಾಕಿದ್ರಾಯ್ತು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಕತ್ತಲು, ಮತಗಟ್ಟೆ ಮುಚ್ಚುವ ಏಳಕ್ಕೆ ಇನ್ನು ಸ್ವಲ್ಪವೇ ಹೊತ್ತು, ಟಾಲ್ಬರ್ಟ್ ತಾತನ ಕಂಕುಳಿಗೆ ಕೈ ಕೊಟ್ಟು ಇಳಿಸಿ, ಮಡಿಸುವ ಕುರ್ಚಿ ಹಾಕಿ ಸಾಲಿನ ಕೊನೆಗೆ ಕೂರಿಸಿ, ಇಲ್ಲೇ ಇರಿ ತಾತ, ಕದಲ್ಬೇಡಿ, ಅಯ್ಯೋ ಲೂ, ನನ್ ಕನ್ನಡಕ ವ್ಯಾನಲ್ಲೇ ಉಳೀತು ಅಂದಳು ಮೇಬೆಲ್, ನಿಂತ್ಕೋ ನಾನು ತರ್ತೀನಿ, ಓಡಿದಳು, ಸೀಟಿನ ಸಂದಿಯಲ್ಲಿ ಸಿಕ್ಕಿತು, ತಿರುಗಿ ಓಡಿದಳು, ಅಷ್ಟರಲ್ಲಿ ಏಳು ಹೊಡೆದು, ಮತಗಟ್ಟೆಯ ಅಧಿಕಾರಿ ರಾಡ್ರಿಕ್ ಬಂದು ಟಾಲ್ಬರ್ಟ್ ತಾತನ ಹಿಂದೆ ನಿಂತಾಗಿತ್ತು. ಅವನ ಮುಂದಿದ್ದವರಿಗೆ ಓಟು, ಹಿಂದಿದ್ದವರಿಗೆ ಇಲ್ಲ, ಕಾಯಿದೆ, ಇದನ್ನೂ ಪಾಠ ಹೇಳಿದವಳು ಅವಳೇ. ಕಂದು ಜಾಕೆಟ್ಟಿನ ಅಗಲ ಬೆನ್ನು. ಕೈಯಲ್ಲಿ ಕನ್ನಡಕ, ಎದುರಿಗೆ ಬೆನ್ನು. ಮೇಬೆಲ್ ಕೂಗಿದಳು, ಅವ್ಳು ನಮ್ ಜೊತೇಗೇ ಬಂದವ್ಳು ಕಣಪ್ಪಾ, ರಾಡ್ರಿಕ್ ತಿರುಗಿ ನೋಡಿದ, ಹಸುಗೂಸಾಗಿದ್ದಾಗ ಅವನನ್ನು ತಾಯಿಯ ಜೊತೆ ಚರ್ಚಿನ ಮೂರನೇ ಬೆಂಚಿನಲ್ಲಿ ಇವಳೇ ಕೂರಿಸಿದ್ದಳು, ನಮ್ಮವನೇ, ಮೆಲ್ಲಗೆ ಅಂದ, ಸಿಸ್ಟರ್, ನೀವು ಸಾಲಲ್ಲೇ ಇದ್ರಿ ಅಲ್ವಾ, ಹೂಂ ಅನ್ನಿ ಸಾಕು. ಬಾಗಿಲ ಪಕ್ಕ ಬಿಳಿಯ ಗಂಡಸೊಬ್ಬ ಬೆಳಿಗ್ಗೆಯಿಂದ ಮೊಬೈಲು ಎತ್ತಿ ಹಿಡಿದು ನಿಂತಿದ್ದ, ಎದುರು ಪಕ್ಷದವನು, ಈಗ ಮೊಬೈಲು ಅವಳ ಮುಖದ ಕಡೆ, ಮುಗುಳ್ನಗೆ, ಹೂಂ ಅಂದರೆ ಏನಾಗುತ್ತದೆಂದು ಅವಳಿಗೆ ಗೊತ್ತು, ಇವಳೊಬ್ಬಳ ಸುಳ್ಳಿನ ನೆಪದಲ್ಲಿ ಇಡೀ ಸಾಲನ್ನೇ ಕಳ್ಳರ ಸಾಲು ಅನ್ನುತ್ತಾರೆ, ಟಾಲ್ಬರ್ಟ್ ತಾತನ ಓಟು, ಮೇಬೆಲ್ಲಿನ ಓಟು, ಎಲ್ಲವನ್ನೂ ಕೋರ್ಟಿಗೆ ಎಳೆಯುತ್ತಾರೆ, ರಾಡ್ರಿಕ್‌ನ ಕೆಲಸ ಹೋಗುತ್ತದೆ, ನಮ್ಮವರು ಓಟಿನಲ್ಲಿ ಒಂದು ಸಣ್ಣ ತಪ್ಪು ಮಾಡಿದರೂ ಜೈಲು. ಇಲ್ಲಪ್ಪ, ನಾನು ಸಾಲಲ್ಲಿ ಇರ್ಲಿಲ್ಲ. ಮಾತು ಆಡಿದರೆ ಹೋಯಿತು. ರಾಡ್ರಿಕ್ ಕಣ್ಣು ತಗ್ಗಿಸಿದ, ಕನ್ನಡಕ ಇಸಿದುಕೊಂಡು ಮೇಬೆಲ್ಲಿಗೆ ದಾಟಿಸಿದ, ಆಮೇಲೆ ಮತ್ತೆ ಆ ಕಡೆ ತಿರುಗಿದ.

ಬಂದರು, ಒಬ್ಬೊಬ್ಬರಾಗಿ, ಎದೆಯ ಮೇಲೆ ನಾನು ಓಟು ಹಾಕಿದೆ ಎಂಬ ದುಂಡನೆ ಚೀಟಿ ಅಂಟಿಸಿಕೊಂಡು, ಹಸಿವು, ಚಳಿ, ನಗು, ಟಾಲ್ಬರ್ಟ್ ತಾತ ಕೋಲಿಗೆ ಕೈ ಚಾಚುತ್ತಾ, ನೀನು ಹಾಕ್ದೆ ಇದ್ರೇನಾಯ್ತು ಮಗಳೇ, ಎಷ್ಟು ಜನರ ಕೈಲಿ ಹಾಕಿಸ್ದೆ ನೋಡು, ನಿಮ್ಮವ್ವ ಇದ್ದಿದ್ರೆ ಹಿಗ್ಗೋಳು. ಹಿಗ್ಗುತ್ತಿದ್ದಳೇ, ಡೇರೆಯಲ್ಲಿ ಎರಡು ಚಳಿಗಾಲ ಕಳೆದದ್ದು ಊರವರ ಓಟಿಗಲ್ಲ, ತನ್ನ ಒಂದು ಓಟಿಗೆ, ತಾನೇ ನಡೆದು ಹೋಗಿ ಹಾಕುವ ಒಂದು ಓಟಿಗೆ, ಅದನ್ನೇ ಅಲ್ಲವೇ ಮಗಳ ಕೈಗೆ ಕೊಟ್ಟು ಹೋದದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ತಾತ, ಅಂದಳು, ಅಥವಾ ಅನ್ನಬೇಕೆಂದುಕೊಂಡಳು. ಮೇಬೆಲ್ ಮುಂದಿನ ಸೀಟಿಗೆ ಹತ್ತಿ, ತನ್ನ ಎದೆಯ ಚೀಟಿ ಕಿತ್ತು ಇವಳ ಕೋಟಿಗೆ ಅಂಟಿಸಿದಳು, ಬೇಡ ಕಣೇ, ಸುಮ್ನಿರೇ ಲೂ, ಮಗು ಕೇಳತ್ತೆ, ಒಂದು ಮಗೂಗೆ ಇಷ್ಟು ಹೇಳಿದ್ರೆ ಪಾಪ ಬರಲ್ಲ. ಅಲ್ಲಿ ಹೇಳಲಾರದ ಸುಳ್ಳನ್ನು ಮನೆಯಲ್ಲಿ ಎದೆಯ ಮೇಲೆ ಹೊತ್ತು ಒಳಗೆ ಹೋಗಬೇಕು, ತಾಮಿಯಾ ಓಡಿ ಬರುತ್ತಾಳೆ, ಹಾಕಿದ್ಯಾ ಅಜ್ಜಿ, ಅವಳ ಕಾಲಲ್ಲಿ ಶೂ ಇದೆಯೋ ಇಲ್ಲವೋ, ಕಿತ್ತೆಸೆಯಬೇಕೆಂದು ಕೈ ಎತ್ತಿದಳು, ಕಿತ್ತೆಸೆಯಲಿಲ್ಲ, ಆ ಕೈಯಲ್ಲೇ ಸ್ಟೀರಿಂಗ್ ಹಿಡಿದಳು, ವ್ಯಾನು ಹೊರಟಿತು, ಹಿಂದೆ ಯಾರೋ ಹಾಡು ಎತ್ತಿಕೊಂಡರು, ಉಳಿದವರು ಚಪ್ಪಾಳೆಯಿಂದ ಸೇರಿಕೊಂಡರು, ಅರ್ಡೆಲ್ ಟೀಚರು ಗೆಲ್ಲಲಿ, ಗೆಲ್ಲುತ್ತಾರೆ, ಗೆಲ್ಲದಿದ್ದರೆ, ಕೆಲವೇ ಓಟಿನಲ್ಲಿ ಸೋತರೆ, ಬೇಡ, ಅದನ್ನು ಯೋಚಿಸಬಾರದು, ದಾರಿ ನೋಡಬೇಕು, ಸೇತುವೆ ಬಂತು, ದಾರಿ ಕಾಣುತ್ತಿಲ್ಲ, ಗಾಜಿನಲ್ಲಿ ಕಾಣುವುದು ಅದೊಂದೇ, ಟಾಲ್ಬರ್ಟ್ ತಾತನ ಕುರ್ಚಿಯ ಹಿಂದೆ, ಅವಳು ನಿಲ್ಲಬೇಕಾಗಿದ್ದ ಜಾಗದಲ್ಲಿ, ಕಂದು ಜಾಕೆಟ್ಟು, ಆ ಬೆನ್ನು, ನಮ್ಮವನದೇ ಬೆನ್ನು, ಆ ಬೆನ್ನು