ತುತ್ತತುದಿಯ ಸೀಟು

ಮಂಡಿ ಆಪರೇಷನ್ ಆದ ಹೆಂಗಸಿಗೆ ಸ್ಟೇಡಿಯಂನ ತುತ್ತತುದಿಯ ಸೀಟೇ ಬೇಕೆ ಎಂದು ಕೇಳುವವರು ರಾಜಲಕ್ಷ್ಮಿಯನ್ನು ಬಲ್ಲವರಲ್ಲ. ಅಮೆರಿಕದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಅರಿವಳಿಕೆ ಡಾಕ್ಟರಾಗಿ ದುಡಿದು ನಿವೃತ್ತಳಾದ ಆಕೆಗೆ, ಬೆಲ್ಟ್‌ವೇ ಹೆದ್ದಾರಿ ಪಕ್ಕದ ಆ ಹಳೆಯ ಸ್ಟೇಡಿಯಂನಲ್ಲಿ ಗಂಡ ಇದ್ದಾಗಿನಿಂದಲೂ ಅದೇ ಸೀಟು. ಕಂಬಿಗಳು ತುಕ್ಕು ಹಿಡಿದಿದ್ದವು, ಕುರ್ಚಿಗಳ ಬಣ್ಣ ಹೋಗಿತ್ತು. ಇದನ್ನು ಕೆಡವಿ ಬೇರೆ ಕಡೆ ಹೊಸದು ಕಟ್ಟಬೇಕೆಂದು ಊರೆಲ್ಲ ಮಾತು. ಅದನ್ನು ಕೇಳಿದಾಗಲೆಲ್ಲ ಆಕೆಗೆ ರೇಗುತ್ತಿತ್ತು.

ಮಗ ಪ್ರತಾಪ್ ದೂರದ ಅಲ್ಫರೆಟಾ ಊರಿನಿಂದ ಬಂದದ್ದು ಬರೀ ಅಮೆರಿಕನ್ ಫುಟ್‌ಬಾಲ್ ನೋಡುವುದಕ್ಕಲ್ಲ. ಅಲ್ಲಿನ ತನ್ನ ಮನೆಯ ಬೇಸ್‌ಮೆಂಟ್‌ನಲ್ಲಿ ಅಮ್ಮನಿಗೆಂದು ರೂಮು ಮಾಡಿಸಿದ್ದ. ಇಲ್ಲಿನ ಮನೆ ಮಾರಿ ಆಕೆಯನ್ನು ಕರೆದೊಯ್ಯುವುದು ಅವನ ಹಟ. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದೆಯೇ ಜಗಳ ಹತ್ತಿತು.

"ಮೆಟ್ಲು ಹತ್ತಕ್ಕಾಗಲ್ಲ, ಒಬ್ಳೇ ಹೇಗೆ ಮ್ಯಾನೇಜ್ ಮಾಡ್ತೀಯಮ್ಮ?"

"ಆಗಲ್ಲ ಅಂತ ನಿಂಗ್ಯಾರು ಹೇಳಿದ್ದು?"

"ಸರಿ, ಇವತ್ತು ನಿನ್ನ ಸೀಟಿಗೆ ನೀನೇ ಹತ್ತು, ಯಾರ ಕೈನೂ ಹಿಡೀದೆ. ಹತ್ತಿದ್ರೆ ಅಲ್ಫರೆಟಾ ಮಾತೇ ಎತ್ತಲ್ಲ. ಇಲ್ದಿದ್ರೆ ಪ್ಯಾಕ್ ಮಾಡು."

"ಮಾತು ಅಂದ್ರೆ ಮಾತು," ಎಂದಳು ರಾಜಲಕ್ಷ್ಮಿ.

ಹಳೆಯ ಸ್ನೇಹಿತೆ ವರಲಕ್ಷ್ಮಿ, ಆಕೆಯ ಗಂಡ ಕೇಶವಮೂರ್ತಿ ಪಾರ್ಕಿಂಗ್ ಲಾಟ್‌ನಲ್ಲಿ ಪುಳಿಯೋಗರೆ ಡಬ್ಬಿ ತೆರೆದು ಕಾದಿದ್ದರು. ತಿಂದು ನಾಲ್ವರೂ ಒಳಗೆ ಹೋದರು. ಇಳಿಜಾರು ದಾರಿ ಸುತ್ತಿ ಸುತ್ತಿ ಮೇಲಿನ ಅಂತಸ್ತಿಗೆ ಬರುವಷ್ಟರಲ್ಲಿ ರಾಜಲಕ್ಷ್ಮಿಗೆ ಏದುಸಿರು. ಊರುಗೋಲು ನೋಡಿದ ಅಲ್ಲಿನ ಸಿಬ್ಬಂದಿ, ಮೆಟ್ಟಿಲ ಬುಡದಲ್ಲೇ ಅಶಕ್ತರಿಗೆಂದು ಇಟ್ಟ ಖಾಲಿ ಕುರ್ಚಿಗಳನ್ನು ತೋರಿಸಿದ. ಒಂದು ಗುಟುಕು ನೀರು ಕುಡಿದು ಏಳೋಣ ಎಂದು ಆಕೆ ಕೂತಳು. ಉಳಿದವರೂ ಕೂತರು.

ಆಟ ಆಗಲೇ ಶುರುವಾಗಿತ್ತು. ಕೂತದ್ದೇ ತಡ, ತಮ್ಮ ತಂಡದ ಹುಡುಗನೊಬ್ಬ ಚೆಂಡನ್ನು ಎದೆಗವಚಿಕೊಂಡು ಓಡಿ ಗೆರೆ ದಾಟಿಬಿಟ್ಟ. ಟಚ್‌ಡೌನ್! ಒಂದೇ ಏಟಿಗೆ ಆರು ಪಾಯಿಂಟು. ಇಡೀ ಸ್ಟೇಡಿಯಂ ಅದುರಿತು.

"ಯಾರೂ ಅಲ್ಲಾಡಬೇಡಿ!" ಕೇಶವಮೂರ್ತಿ ಕೂಗಿದರು.

ಜೀವಮಾನವೆಲ್ಲ ಹೃದಯ ಕೊಯ್ದು ಹೊಲಿದ ಸರ್ಜನ್ ಅವರು. ಆದರೂ ಹುಡುಗನಾಗಿದ್ದಾಗ ಮೈಸೂರಿನಲ್ಲಿ ರೇಡಿಯೋ ಸುತ್ತ ಕೂತು ಕ್ರಿಕೆಟ್ ಕಾಮೆಂಟರಿ ಕೇಳುವಾಗ ಕಲಿತ ನಿಯಮವೊಂದನ್ನು ಬಿಟ್ಟಿರಲಿಲ್ಲ. ಆಟ ಚೆನ್ನಾಗಿ ನಡೆಯುವಾಗ ಯಾರು ಎಲ್ಲಿ ಕೂತಿದ್ದಾರೋ ಅಲ್ಲೇ ಇರಬೇಕು. ಎದ್ದರೆ ವಿಕೆಟ್ ಬೀಳುತ್ತದೆ. ಅಮೆರಿಕದ ಫುಟ್‌ಬಾಲಿಗೂ ಅವರು ಅದನ್ನೇ ಅಂಟಿಸಿದ್ದರು. ವರಲಕ್ಷ್ಮಿ ಒಮ್ಮೆ ಗೆಲುವಿನ ಆಸೆಗೆ ಕಾಲು ಜೋಮು ಹಿಡಿದರೂ ಏಳದೆ ಕೂತಿದ್ದಳು.

"ಅಂಕಲ್ ಹೇಳೋದು ಕರೆಕ್ಟ್ ಅಮ್ಮ," ಎಂದ ಪ್ರತಾಪ್. ಚಿಕ್ಕಂದಿನಿಂದ ಈ ನಿಯಮವನ್ನು ಆಡಿಕೊಂಡು ನಕ್ಕವನು ಅವನೇ. "ಕೂತ ಜಾಗ ಬಿಟ್ಟು ಏಳಬಾರದು. ಇಲ್ಲೇ ಆರಾಮಾಗಿದ್ಯಲ್ಲ."

ಆರಾಮ. ಆ ಮಾತು ರಾಜಲಕ್ಷ್ಮಿಯ ಮೈ ಉರಿಸಿತು. ಬೇಸ್‌ಮೆಂಟಿನ ರೂಮಿಗೂ ಅವನು ಇದೇ ಮಾತು ಹೇಳಿದ್ದ. ಆಕೆ ಊರುಗೋಲು ಹಿಡಿದು ಎದ್ದಳು.

"ರಾಜೀ, ಬೇಡ ಕಣೇ! ಗೆಲ್ತಿದೀವಿ!" ಎಂದಳು ವರಲಕ್ಷ್ಮಿ.

"ಗೆಲ್ಲೋರು ಗೆಲ್ಲಲಿ, ನಾನು ಹತ್ತಬೇಕು."

ಕಡಿದಾದ ಮೆಟ್ಟಿಲು. ಒಂದು ಕೈಯಲ್ಲಿ ಕೋಲು, ಇನ್ನೊಂದು ತಣ್ಣಗಿನ ಕಂಬಿಯ ಮೇಲೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಹತ್ತಿದಳು. ಪಕ್ಕದ ಸಾಲಿನವನೊಬ್ಬ ಬಿಯರ್ ಲೋಟ ಕೆಳಗಿಟ್ಟು ಕೈ ಚಾಚಿದ. ಆಕೆ ನಕ್ಕು ತಲೆಯಾಡಿಸಿ ಮುಂದೆ ಹೋದಳು. ಪ್ರತಾಪ್ ಹಿಂದೆಯೇ ಬಂದ, ತಪ್ಪುಹೆಜ್ಜೆ ಇಡುವ ಕೂಸನ್ನು ಹಿಡಿಯುವ ಹಾಗೆ ಎರಡೂ ಕೈ ಚಾಚಿಕೊಂಡು.

"ಕೈ ಕೆಳಗಿಳಿಸೋ."

ಅರ್ಧಕ್ಕೆ ಬರುವಾಗ ಎದುರಾಳಿಗಳು ಚೆಂಡು ಕಸಿದುಕೊಂಡರು. ಮತ್ತೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಟಚ್‌ಡೌನ್ ಮಾಡಿದರು. ಕೆಳಗಿನಿಂದ ಕೇಶವಮೂರ್ತಿ ತಲೆ ಮೇಲೆ ಕೈ ಹೊತ್ತು ಕೂಗಿದರು: "ನೋಡಿದ್ರಾ ರಾಜಲಕ್ಷ್ಮಿಯವರೇ, ಎದ್ದಿದ್ದಕ್ಕೇ! ವಾಪಸ್ ಬನ್ನಿ!"

ಮಂಡಿ ಕಿತ್ತು ಬರುವಂತೆ ನೋಯುತ್ತಿತ್ತು. ಇಳಿಯುವುದು ಸುಲಭವಿತ್ತು, ನೆಪವೂ ಸಿಕ್ಕಿತ್ತು. ತಂಡ ಗೆಲ್ಲಲೆಂದು ಇಳಿದಳು ಎಂದರೆ ಯಾರೂ ಸೋತಳು ಎನ್ನುತ್ತಿರಲಿಲ್ಲ. ಆಕೆ ಹಲ್ಲು ಕಚ್ಚಿ ಹತ್ತಿದಳು. ಕೊನೆಗೆ ತನ್ನ ಸೀಟಿನಲ್ಲಿ ದೊಪ್ಪನೆ ಕೂತಾಗ ಕಣ್ಣಲ್ಲಿ ನೀರಿತ್ತು. ಅದು ಗಾಳಿಗಲ್ಲ, ಖುಷಿಗೆ.

ತಂಡ ಹೀನಾಯವಾಗಿ ಸೋತಿತು. ಜನ ಬೈಯುತ್ತ ಎದ್ದು ಹೊರಟರು. ವರಲಕ್ಷ್ಮಿ ಕೆಳಗಿನಿಂದ ಕೈ ಬೀಸಿ ಕರೆಯುತ್ತಿದ್ದಳು. ಕೇಶವಮೂರ್ತಿ ಮುಖ ಊದಿಸಿಕೊಂಡು ನಿಂತಿದ್ದರು. ಅಮ್ಮನ ಪಕ್ಕ ಕೂತಿದ್ದ ಪ್ರತಾಪ್ ಎದ್ದು ನಿಂತ.

"ಸೋತ್ವಲ್ಲಮ್ಮ," ಎಂದ. "ಹೋಗೋಣ, ಏಳು."

ರಾಜಲಕ್ಷ್ಮಿ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು.

"ಇಲ್ಲಿಂದ ಏಳ್ತೀನಿ. ಸಿಲ್ವರ್ ಸ್ಪ್ರಿಂಗ್‌ನಿಂದ ಏಳಲ್ಲ," ಎಂದಳು. "ಕೂತ ಜಾಗ ಬಿಟ್ಟು ಏಳಬಾರದು ಅಂತ ನೀನೇ ಹೇಳಿದ್ದಲ್ವೇನೋ?"