ಅಪ್ಪ ಹೇಳದ ಮಾತು

ಫೋಟೋಗಳಿಗೆ ಕಟ್ಟು ಹಾಕುವ ಆ ಅಂಗಡಿಗೆ ಬಂದವರೆಲ್ಲ ಹುಡುಗಿಯನ್ನು ಮೈಕು ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡುತ್ತಾರೆ ಪಾಪ! ಅಂಗಡಿಯ ಯಜಮಾನ, ಅವಳಪ್ಪ, ಗಂಟಲಿನ ಆಪರೇಷನ್ ಆದಾಗಿನಿಂದ ದನಿ ಕಳೆದುಕೊಂಡಿದ್ದ. ತುಟಿ ಆಡುತ್ತಿತ್ತು, ಒಂದಿಷ್ಟು ಗಾಳಿ ಹೊರಬರುತ್ತಿತ್ತು, ಅಷ್ಟೇ. ಆ ತುಟಿ ನೋಡಿ ಗಟ್ಟಿಯಾಗಿ ಹೇಳುವವಳು ಮಗಳು. ತಾಯಿ ಇಲ್ಲದ ಮನೆ, ಬೇರೆ ಯಾರಿಗೂ ಆ ವಿದ್ಯೆ ಬರುತ್ತಿರಲಿಲ್ಲ. ಅಪ್ಪನಿಗೆ ಬರೆದು ತೋರಿಸುವುದೆಂದರೆ ಆಗದು. ಕೈಯಲ್ಲಿ ಸದಾ ಗಾಜು ಇಲ್ಲವೇ ಗೋಂದು, ಜೊತೆಗೆ ಅವನ ಅಕ್ಷರ ಅವನಿಗೇ ಅರ್ಥವಾಗುತ್ತಿರಲಿಲ್ಲ.

ಯಾರಾದರೂ ಗಿರಾಕಿ ಮತ್ತೆ ಮತ್ತೆ ಬಂದು ಚೌಕಟ್ಟು ಬದಲಾಯಿಸಿ ಎಂದರೆ ಅಪ್ಪನ ತುಟಿ, “ಇವನ ತಲೇಲಿ ಏನಿದೆ, ಮರದ ಹೊಟ್ಟಾ?” ಎನ್ನುತ್ತಿತ್ತು. ಮೈಕು ನಗುನಗುತ್ತಾ, “ಅದಕ್ಕೇನಂತೆ, ಬದಲಾಯಿಸೋಣ ಅಂತಾರೆ ಅಪ್ಪ” ಎನ್ನುತ್ತಿದ್ದಳು. ಅಪ್ಪನ ಭುಜ ಸದ್ದಿಲ್ಲದ ನಗುವಿಗೆ ಕುಲುಕುತ್ತಿತ್ತು. ಬೈಗುಳ ಸೋಸಿ ಹೇಳುವುದಕ್ಕೆ ಅವನ ಒಪ್ಪಿಗೆ ಇತ್ತು. ಅದರಾಚೆಗೆ ಅವಳು ಒಂದಕ್ಷರ ಸೇರಿಸಿದವಳೂ ಅಲ್ಲ, ನುಂಗಿದವಳೂ ಅಲ್ಲ.

“ಇಷ್ಟು ಬಾಯಿದ್ದವಳು ಲಾಯರೇ ಆಗ್ಬೇಕು ಬಿಡು” ಎಂದು ಪಕ್ಕದ ಚಪ್ಪಲಿ ಅಂಗಡಿಯವನು ರೇಗಿಸುತ್ತಿದ್ದ. ಮೈಕುಗೆ ಬೇಕಾಗಿದ್ದದ್ದು ಗಣಿತ. ಲೆಕ್ಕ ಮಾಡುವಾಗ ಯಾರ ಪರವಾಗಿಯೂ ಮಾತಾಡಬೇಕಿರಲಿಲ್ಲವಲ್ಲ, ಆ ಸುಖಕ್ಕೇ ಅದನ್ನು ಹಚ್ಚಿಕೊಂಡಿದ್ದಳೋ ಏನೋ. ಊರಿನ ಕಾಲೇಜಿನಲ್ಲಿ ಗಣಿತ ಇತ್ತು, ಆದರೆ ಹೆಸರಿಗೆ. ಮಹಾನಗರದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಒಂದು ದೊಡ್ಡ ವಿಭಾಗ, ಜಾಣ ಮಕ್ಕಳಿಗೆ ವಿದ್ಯಾರ್ಥಿವೇತನ. ಅವಳ ಗಣಿತದ ಮೇಡಂ ಅರ್ಜಿ ಹಾಕು ಎಂದು ಬೆನ್ನು ಹತ್ತಿದ್ದರು. ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಅದೇ ನಗರದಲ್ಲಿದ್ದಳು. ‘ನನ್ನ ಕೋಣೇಲೇ ಇರ್ಲಿ, ಊಟ ನನ್ನದು’ ಎಂದು ಹೇಳಿ ಆಗಿತ್ತು. ಅರ್ಜಿ ಹಾಕಲು ಇನ್ನೊಂದೇ ದಿನ ಉಳಿದಿದ್ದರೂ ಮೈಕು ಇನ್ನೂ ಮೀನಮೇಷ ಎಣಿಸುತ್ತಿದ್ದಳು.

ಫೋನಿನಲ್ಲಿ ಆ ಜಾಗದ ಚಿತ್ರಗಳನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತಿದ್ದಳು. ಗೋಡೆಗೆ ಗೋಡೆಯೇ ಗಾಜು, ಮೆಟ್ಟಿಲ ಮೇಲೆ ಕೂತು ನಗುವ ಮಕ್ಕಳು. ಅವರೆಲ್ಲ ತಮ್ಮ ತಮ್ಮ ಮಾತನ್ನೇ ಆಡುವವರು. ಅಲ್ಲಿ ಹೋಗಿ ತಾನು ಏನು ಮಾತಾಡುವುದು? ಇಲ್ಲಿ ಅಪ್ಪನ ಗತಿಯೇನು?

ಆ ಬೆಳಿಗ್ಗೆ ದೊಡ್ಡತ್ತೆಯ ಫೋನು ಬಂತು. ಮೈಕು ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಅಪ್ಪ ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ಗೀರು ಹಾಕುತ್ತಿದ್ದವನು ಕೈ ನಿಲ್ಲಿಸಿದ.

“ಏನೋ ತಮ್ಮಾ, ನಾಳೆ ಕೊನೆ ದಿನ ಅಂತಲ್ಲೋ. ನಿನ್ನ ಮನಸ್ಸಲ್ಲಿ ಏನಿದೆ ಹೇಳಿಬಿಡು. ನೀನು ಬೇಡ ಅಂದ್ರೆ ನಾನು ಇನ್ನು ಈ ಮಾತೇ ಎತ್ತಲ್ಲ.”

ಅಪ್ಪ ಮಗಳ ಕಡೆ ತಿರುಗಿದ. ತುಟಿ ನಿಧಾನವಾಗಿ, ಬಿಡಿಸಿ ಬಿಡಿಸಿ ಆಡಿತು: “ಕಳಿಸ್ತೀನಿ. ಅರ್ಜಿ ಹಾಕ್ಲಿ.”

ಮೈಕು ಬಾಯಿ ತೆರೆದಳು. “ಬೇಡ ಅಂತಾರೆ, ದೊಡ್ಡತ್ತೆ. ಅಂಗಡಿ ನಡೆಯಲ್ಲ ಅಂತಾರೆ ಅಪ್ಪ.”

ಎಲ್ಲಿಂದ ಬಂತೋ ಆ ಮಾತು, ಅವಳಿಗೇ ಗೊತ್ತಾಗಲಿಲ್ಲ. ಅತ್ತ ದೊಡ್ಡತ್ತೆ ನಿಟ್ಟುಸಿರು ಬಿಟ್ಟು, “ಸರಿ ಕಣಪ್ಪಾ, ನಿನ್ನಿಷ್ಟ” ಎಂದು ಫೋನಿಟ್ಟಳು. ಅಪ್ಪನ ದನಿ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ತನ್ನ ಹೆಸರಿನಲ್ಲಿ ಹೋದ ಆ ಸುಳ್ಳನ್ನು ಅವನು ಅಲ್ಲೇ ನಿಂತು ಕೇಳಿದ. ಬೈಯಲಿಲ್ಲ. ಗಾಜಿನ ಮೇಲಿನ ಪುಡಿಯನ್ನು ಬಟ್ಟೆಯಿಂದ ಒರೆಸಿ, ಮತ್ತೆ ಅಳತೆಪಟ್ಟಿ ಇಟ್ಟ. ಬೈದಿದ್ದರೇ ವಾಸಿ ಎನಿಸಿತು ಮೈಕುಗೆ.

ಅಷ್ಟರಲ್ಲಿ ಒಬ್ಬ ಹೆಂಗಸು ದೊಡ್ಡದೊಂದು ಮದುವೆಯ ಫೋಟೋ ಹಿಡಿದು ಬಂದಳು. ಮೈಕು ಅಭ್ಯಾಸದಂತೆ ಎದ್ದು ಬರಲು, ಅಪ್ಪ ಕೈ ಅಡ್ಡ ಹಿಡಿದ. ಕೂತುಕೋ ಎಂದು ಸ್ಟೂಲು ತೋರಿಸಿದ. ತಾನೇ ಮುಂದೆ ಹೋಗಿ ನಿಂತ.

“ಇದಕ್ಕೆ ತೆಳು ಚೌಕಟ್ಟು ಸಾಕು” ಎಂದಳು ಆಕೆ. ಅಷ್ಟು ಅಗಲದ ಗಾಜಿನ ಭಾರಕ್ಕೆ ತೆಳು ಚೌಕಟ್ಟು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಮೈಕು ಆಗಿದ್ದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಅಪ್ಪ ಎರಡು ಕೈ ಚಾಚಿ ಭಾರ ತೋರಿಸಿದ, ಬೆರಳು ಜೋಡಿಸಿ ಬಿಡಿಸಿದ, ತುಟಿ ಆಡಿಸಿದ, ಕತ್ತಿನ ನರ ಉಬ್ಬಿತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

“ಏನಂತಾರಮ್ಮ ಇವರು? ಒಡೆದು ಹಾಕ್ತೀನಿ ಅಂತಾರಾ?”

ಮೈಕು ಅಪ್ಪನನ್ನು ನೋಡಿದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಅವಳು ತುಟಿ ಕಚ್ಚಿ ಕೂತಳು. ಅಪ್ಪ ಬೆವರುತ್ತಾ ದಪ್ಪನೆಯ ಚೌಕಟ್ಟಿನ ತುಂಡು ತಂದು ಫೋಟೋದ ಪಕ್ಕ ಇಟ್ಟ. “ಅಯ್ಯೋ, ಜಾಸ್ತಿ ಬೆಲೇದು ತಲೆಗೆ ಕಟ್ಟೋಕೆ ನೋಡ್ತೀರಲ್ಲ!” ಎಂದು ಆಕೆ ಫೋಟೋ ಎತ್ತಿಕೊಂಡು ಸರಸರನೆ ಹೊರಟೇಹೋದಳು. ಚಪ್ಪಲಿ ಅಂಗಡಿಯವನು ಅತ್ತ ಮುಖ ತಿರುಗಿಸಿಕೊಂಡ. ಅಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ಮೈಕು ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಅವಳಿಗೆ ಅಳು ಒತ್ತಿಕೊಂಡು ಬಂತು.

“ನೋಡಿದ್ರಲ್ಲ ಅಪ್ಪಾ! ಇದಕ್ಕೇ ನಾನು ಬೇಡ ಅಂದಿದ್ದು. ನಾನು ಹೋದ್ರೆ ದಿನಾ ಇದೇ ಪಾಡು.”

ಅಪ್ಪ ಅವಳೆದುರು ಬಂದು ಕುಕ್ಕರಗಾಲಲ್ಲಿ ಕೂತ. ತುಟಿ ಆಡಿತು: “ಗಿರಾಕಿ ಹೋದ್ಲು. ಹೋಗ್ಲಿ. ನಾಳೆ ಇನ್ನೊಬ್ಬಳು ಬರ್ತಾಳೆ, ಅವಳಿಗೆ ಇನ್ನೊಂದು ಥರ ತೋರಿಸ್ತೀನಿ.” ಬೆರಳಿಗಂಟಿದ ಗೋಂದನ್ನು ಉಜ್ಜಿದ. “ನಿಂಗೆ ಹೋಗೋಕೆ ಇಷ್ಟ ಇಲ್ವಾ? ಇಲ್ಲ ಅನ್ನು, ನಾನು ಒಂದು ಮಾತೂ ಕೇಳಲ್ಲ. ಆದ್ರೆ ನೀನೇ ಅನ್ನು. ನನಗೆ ಉಳಿದಿರೋದೇ ನಿನ್ನ ಬಾಯಿ ಕಣಮ್ಮಾ. ಅದರಲ್ಲೂ ನನ್ನ ಮಾತು ಇಲ್ಲದೆ ಹೋದ್ರೆ, ನಾನು ಎಲ್ಲಿಗೆ ಹೋಗ್ಲಿ?”

ಅಪ್ಪ ಎದ್ದು, ಗೋಂದಿನ ಬೆರಳಿಂದಲೇ ಫೋನು ಒತ್ತಿ, ಅಕ್ಕನಿಗೆ ಮಾಡಿದ. ಸ್ಪೀಕರಿಗೆ ಹಾಕಿದ. ಮಗಳ ಕಡೆ ನೋಡದೆ, ಬಗ್ಗಿ, ಬಾಯನ್ನು ಫೋನಿಗೆ ತಾಗುವಷ್ಟು ಹತ್ತಿರ ಇಟ್ಟ.

“ಹಲೋ? ಏನೇ ಮತ್ತೆ? ಹಲೋ?” ದೊಡ್ಡತ್ತೆಯ ದನಿ. “ಬರೀ ಗಾಳಿ ಕೇಳ್ತಿದೆ. ಯಾರದು?”

ಅಪ್ಪ ಮಾತಾಡುತ್ತಲೇ ಇದ್ದ. ಹ್ಹ, ಹ್ಹ ಎಂಬ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಹೇಳುತ್ತಿದ್ದದ್ದು ಅದೇ ಮಾತು, ಕಳಿಸ್ತೀನಿ, ಕಳಿಸ್ತೀನಿ ಎಂದು. ಆಪರೇಷನ್ ಆದಮೇಲೆ ಮಗಳನ್ನು ಬಿಟ್ಟು ಬೇರೊಬ್ಬರ ಕಿವಿಗೆ ಇಷ್ಟು ಹತ್ತಿರದಿಂದ ಅವನು ಆ ಉಸಿರು ಬೀಳಗೊಟ್ಟವನೇ ಅಲ್ಲ. ಅಷ್ಟು ನಾಚಿಕೆ ಅವನಿಗೆ.

“ತಮ್ಮಾ…” ಎಂದಳು ದೊಡ್ಡತ್ತೆ. “ನೀನೇನೋ? ಅಯ್ಯೋ ನನ್ನಪ್ಪಾ, ಏನು ಹೇಳ್ತಿದೀಯೋ, ನಂಗೆ ತಿಳೀತಿಲ್ವಲ್ಲೋ!”

ಮೈಕು ತಡೆಯಲಾರದೆ ಎದ್ದಳು. “ಕಳಿಸ್ತೀನಿ ಅಂತಿದಾರೆ, ದೊಡ್ಡತ್ತೆ. ಬೆಳಿಗ್ಗೇನೂ ಅದನ್ನೇ ಅಂದ್ರು. ಬೇಡ ಅಂದವಳು ನಾನು.”

ಅತ್ತ ದೊಡ್ಡತ್ತೆ ಮೂಗು ಏರಿಸಿಕೊಂಡ ಸದ್ದು ಕೇಳಿತು. “ಅದು ಅವನ ಮಾತಾಯ್ತು. ನಿಂದೇನೇ?”

ಅಪ್ಪ ನೆಟ್ಟಗೆ ನಿಂತು ಮಗಳ ತುಟಿಯನ್ನೇ ನೋಡಿದ.

“ಭಯ ಆಗ್ತಿದೆ,” ಎಂದಳು ಮೈಕು. ಅಂಗಡಿಯಲ್ಲಿ ಯಾವಾಗಲೂ ಗಟ್ಟಿಯಾಗಿರುತ್ತಿದ್ದ ದನಿ ನಡುಗಿ ಅರ್ಧಕ್ಕೆ ಇಳಿದಿತ್ತು. “ಆದ್ರೂ ನಂಗೆ ಬರ್ಬೇಕು ಅಂತಿದೆ, ದೊಡ್ಡತ್ತೆ. ಇವತ್ತೇ ಅರ್ಜಿ ಹಾಕ್ತೀನಿ.”

“ಕೇಳಿಸಲಿಲ್ಲ ಕಣೇ,” ಎಂದಳು ದೊಡ್ಡತ್ತೆ. “ಇನ್ನೊಂದು ಸಲ ಹೇಳು.”

ಮೈಕು ಇನ್ನೊಂದು ಸಲ ಹೇಳಿದಳು.