ಹಳದಿ ಬೊಟ್ಟಿನ ಬೋಲ್ಟು

ಉಡ ಒಮ್ಮೆ ಗೋಡೆ ಕಚ್ಚಿ ಹಿಡಿದರೆ ಅದರ ಸೊಂಟಕ್ಕೆ ಹಗ್ಗ ಬಿಗಿದು ಮನುಷ್ಯರೇ ಹತ್ತಿ ಹೋಗಬಹುದಂತೆ. ಬೀದಿಯ ತುದಿಯ ಗ್ಯಾರೇಜಿನ ಯಜಮಾನರಿಗೆ ಜನ ಇಟ್ಟ ಹೆಸರೂ ಅದೇ, ಉಡ. ಸ್ಪ್ಯಾನರ್ ಇನ್ನು ತಿರುಗದು ಎನ್ನುವಲ್ಲಿ ಉಳಿದವರು ಕೈ ಬಿಡುತ್ತಾರೆ. ಅವರು ಉಸಿರು ಕಟ್ಟಿ ಇನ್ನೊಂದು ಎಳೆತ ಎಳೆಯುವರು. ಆಮೇಲೆ ಬೋಲ್ಟಿನ ತಲೆಗೊಂದು ಹಳದಿ ಬಣ್ಣದ ಬೊಟ್ಟು. ಬೊಟ್ಟು ಬಿತ್ತೆಂದರೆ ಮುಗಿಯಿತು. ಅದನ್ನು ಇನ್ನೊಬ್ಬರು ಮುಟ್ಟಿ ನೋಡುವುದೆಂದರೆ ಹಿರಿಯರ ತಟ್ಟೆಗೆ ಕೈ ಹಾಕಿದಂತೆ.

ಸೊಸೆ ಕೆಲಸ ಕಲಿತದ್ದು ಅವರ ಕೈಕೆಳಗೇ. ಗಂಡನಿಗೆ ಗ್ರೀಸಿನ ವಾಸನೆಯೇ ಆಗದು; ಅವನು ಬೆಟ್ಟದಾಚೆಯ ಹಳ್ಳಿಗಳಿಗೆ ಔಷಧಿ ಪೆಟ್ಟಿಗೆ ಒಯ್ಯುವವನು. ಮಗನ ಬದಲು ಸೊಸೆ ಮೆಕ್ಯಾನಿಕ್ ಆದಳು ಎಂದು ಬೀದಿಯವರು ನಕ್ಕರೆ, ಮಾವ, ಬಿತ್ತಿದ್ದು ಎಲ್ಲಿ ಬೆಳೆದರೇನು, ಬೆಳೆದರಾಯಿತು ಎನ್ನುತ್ತಿದ್ದರು.

ಆ ಬೆಳಿಗ್ಗೆ ದರ್ಜಿ ತನ್ನ ಮೋಟಾರ್‌ಸೈಕಲ್ಲನ್ನು ತಳ್ಳಿಕೊಂಡು ಬಂದ. ಮುಂದಿನ ಬ್ರೇಕ್ ಒತ್ತಿದಾಗಲೆಲ್ಲ ಟಕ್ ಎನ್ನುತ್ತದಂತೆ, ತನ್ನ ಅತ್ತೆ ಮಾತು ಶುರು ಮಾಡುವ ಮುಂಚೆ ನಾಲಿಗೆ ಲೊಟಕ್ಕೆನ್ನಿಸುವ ಹಾಗೆ. ಅದರ ಬ್ರೇಕ್ ಪ್ಯಾಡ್ ಬದಲಿಸಿದವರು ಮಾವನೇ, ಅದೇ ವಾರ. ಮಾವ ಒಳಗೆ ಸ್ನಾನಕ್ಕೆ ಹೋಗಿದ್ದರು. ಸೊಸೆ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

ಚಕ್ರದ ಡಿಸ್ಕನ್ನು ಎರಡು ಕಡೆಯಿಂದ ಅಮುಕುವ ಬ್ರೇಕಿನ ಕ್ಯಾಲಿಪರನ್ನು ಹಿಡಿದಿರುವುದು ಎರಡೇ ಬೋಲ್ಟು. ಕೆಳಗಿನದು ನ್ಯಾಯವಾಗಿ ಬಿಚ್ಚಿಕೊಂಡಿತು. ಮೇಲಿನದರ ಹಳದಿ ಬೊಟ್ಟನ್ನು ಕೆರೆದು ನೋಡಿದರೆ ತಲೆಯಲ್ಲಿ ಇರಬೇಕಾದ ಆರು ಮೂಲೆಯ ಗುಂಡಿ ಸವೆದು, ಮಗು ಚೀಪಿದ ಪೆಪ್ಪರಮೆಂಟಿನಂತೆ ದುಂಡಗಾಗಿತ್ತು. ಅಲೆನ್ ಕೀ ಹಾಕಿದರೆ ಸುಮ್ಮನೆ ಗಿರಗಿರನೆ ತಿರುಗಿತು. ತುಸು ದಪ್ಪನೆಯದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದಳು, ಅದೂ ಜಾರಿತು. ತಲೆಯ ಅಂಚಿಗೆ ಉಳಿ ಆನಿಸಿ ಹಿಂದಕ್ಕೆ ಹೊಡೆದಳು. ಬೋಲ್ಟು ಮಿಸುಕಲಿಲ್ಲ. ತುಕ್ಕು ಹಿಡಿದಿರಬೇಕೆಂದು ಎಣ್ಣೆ ಬಿಟ್ಟು ಕಾದಳು. ಇದೇ ವಾರ ಬಿಗಿದದ್ದಕ್ಕೆ ತುಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಸೊಳ್ಳೆಯಂತೆ ಕಿವಿಯ ಹತ್ತಿರ ಸುಳಿದು ಹೋಯಿತು.

ಕೊನೆಗೆ ಪುಟ್ಟ ಗ್ಯಾಸ್ ದೀಪ ಹಚ್ಚಿ, ಬೋಲ್ಟಿನ ತಲೆಗಷ್ಟೇ ತಾಗುವಂತೆ ಬೆಂಕಿ ಹಿಡಿದಳು. ತುಸು ಹೊತ್ತಿಗೆ ಸುಟ್ಟ ವಾಸನೆ ಬಂತು. ಎಣ್ಣೆಯದಲ್ಲ, ಬಣ್ಣದ್ದೂ ಅಲ್ಲ. ಮುರಿದ ಚಪ್ಪಲಿ ಅಂಟಿಸುವಾಗ ಬರುತ್ತದಲ್ಲ, ಅಂಥದು. ಉಳಿ ಆನಿಸಿ ಮೆಲ್ಲಗೆ ತಟ್ಟಿದಳು. ಇಷ್ಟು ಹೊತ್ತು ಜಪ್ಪಯ್ಯ ಎಂದರೂ ಅಲುಗದ ಬೋಲ್ಟು ಬೆಣ್ಣೆಯಿಂದ ಕೂದಲೆಳೆದಂತೆ ಬಂದುಬಿಟ್ಟಿತು. ಅದರ ಮೈಗೆ ಬೆಳ್ಳಿಯ ಎಳೆಯೊಂದು ಸುರುಳಿ ಸುತ್ತಿಕೊಂಡಿತ್ತು. ಅದು ಬೋಲ್ಟು ಕಚ್ಚಿಕೊಳ್ಳಬೇಕಾದ ರಂಧ್ರದೊಳಗಿನ ಥ್ರೆಡ್ಡು, ಬೇರುಸಹಿತ ಕಿತ್ತು ಬಂದಿತ್ತು. ಸುರುಳಿಯ ಸಂದಿಯಲ್ಲೆಲ್ಲ ಕರಗಿದ ಅಂಟು.

ಬೋಲ್ಟನ್ನು ಥ್ರೆಡ್ ಹಿಡಿದಿರಲಿಲ್ಲ. ಅಂಟು ಹಿಡಿದಿತ್ತು.

ಅವಳಿಗೆ ತಟ್ಟನೆ ನೆನಪಾದದ್ದು ಮಾವನ ಬಲಗೈ. ಮೊನ್ನೆ ಕಾದ ಸೈಲೆನ್ಸರಿನ ಮೇಲೆ ಆ ಕೈ ಊರಿದ್ದರು. ಚರ್ಮ ಚುರುಗುಟ್ಟುವ ಸದ್ದು ಕೇಳಿ ಇವಳೇ ಎಳೆದು ತೆಗೆದದ್ದು. ಅವರು ನಕ್ಕು, ಮುದಿ ಚರ್ಮ, ಚಪ್ಪಲಿಗಿಂತ ಗಟ್ಟಿ ಎಂದಿದ್ದರು. ನಿನ್ನೆ ಸಂಜೆ ಅದೇ ಕೈ ಮಗನ ಗಾಡಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿತ್ತು. ಇವತ್ತು ಬೆಳಗಾಗುತ್ತಲೇ ಅವನು ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಕ್ಯಾಲಿಪರಿನ ಮೇಲೆ ಎರಡು ಹಳದಿ ಬೊಟ್ಟು ಹಸಿಹಸಿಯಾಗಿ ಮಿನುಗಿದ್ದನ್ನು ಅವಳೇ ನೋಡಿದ್ದಳು.

ಮಾವ ತಲೆ ಒರೆಸಿಕೊಳ್ಳುತ್ತ ಬಂದರು. ಅವಳ ಅಂಗೈಯಲ್ಲಿದ್ದುದನ್ನು ಕಂಡು ಟವೆಲ್ಲು ನಿಂತಿತು.

"ಮಾವ, ನಮ್ಮ ಗಾಡೀದೂ ಹೀಗೇನಾ?"

ಅವರು ದರ್ಜಿಯ ಕಡೆ ನೋಡಿದರು. ದರ್ಜಿ ಬುದ್ಧಿವಂತ, ಬೀಡಿ ನೆಪ ಮಾಡಿ ಬೀದಿಗಿಳಿದ. ಅವನು ಹೋದ ಮೇಲೆ ಮಾವ ಅಂಟಿನ ಬಲ ಹೊಗಳಿದರು. ಕಲ್ಲಿಗೆ ಕಲ್ಲು ಕಚ್ಚಿದಂತೆ ಹಿಡಿಯುತ್ತದೆ, ಒಂದು ವರ್ಷಕ್ಕೇನೂ ಮೋಸವಿಲ್ಲ, ಹಿಂದಿನ ಬ್ರೇಕಂತೂ ಇದ್ದೇ ಇದೆ ಎಂದರು. ಅವಳು ಬೋಲ್ಟನ್ನು ಅವರ ಅಂಗೈಗೆ ಇಟ್ಟಳು. ಅಷ್ಟಕ್ಕೇ ಅವರು ಸೋತರು.

"ಮೇಲಿಂದು ಹೋಗಿದೆ," ಎಂದರು. "ಕೆಳಗಿಂದು ಗೊತ್ತಿಲ್ಲಮ್ಮ. ಕೈಗೆ ಗೊತ್ತಾಗಲ್ಲ ಈಗ."

ಬೋಲ್ಟು ಬಿಗಿಯಾಯಿತೋ ಕಿತ್ತುಬಂತೋ ಎಂದು ಬೆರಳು ಹೇಳುವುದನ್ನು ನಿಲ್ಲಿಸಿ ಚಳಿಗಾಲವೊಂದು ಕಳೆದಿತ್ತಂತೆ. ಕಿತ್ತದ್ದನ್ನೂ ಬಿಗಿಯಿತೆಂದೇ ಎಳೆಯುತ್ತಿದ್ದರಂತೆ. ಕಣ್ಣಿಗೆ ಕಂಡಾಗ ಅಂಟು. ಹೇಳಿದ್ದರೆ ಸೊಸೆ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದಳಲ್ಲವೇ? ಕೈ ಬಿಟ್ಟ ಉಡವನ್ನು ಯಾರು ಸಾಕುತ್ತಾರೆ?

ಅವಳ ಮನಸ್ಸು ಬೆಟ್ಟದ ಇಳಿಜಾರಿನಲ್ಲಿತ್ತು. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕು. ಹಿಡಿದಷ್ಟೂ ಡಿಸ್ಕ್ ಕಾಯುತ್ತದೆ, ನೀರು ಚಿಮುಕಿಸಿದರೆ ಚುಂಯ್ ಎನ್ನುವಷ್ಟು. ಕ್ಯಾಲಿಪರೂ ಕಾಯುತ್ತದೆ. ಇವಳು ಗ್ಯಾಸ್ ದೀಪದಲ್ಲಿ ಮಾಡಿದ್ದನ್ನೇ ಬೆಟ್ಟ ನಿಧಾನವಾಗಿ, ತಿರುವಿನಿಂದ ತಿರುವಿಗೆ ಮಾಡುತ್ತದೆ. ಕಳಚಿದ ಕ್ಯಾಲಿಪರ್ ಚಕ್ರಕ್ಕೆ ಸಿಕ್ಕಿಕೊಂಡರೆ ಹಿಂದಿನ ಬ್ರೇಕ್ ಏನು ಮಾಡೀತು?

ಗಂಡನಿಗೆ ಫೋನ್ ಮಾಡಿದಳು. ಗಾಡಿ ಓಡಿಸುವಾಗ ಅವನು ಎತ್ತುವವನಲ್ಲ. ಅವಳೇ ಹಾಕಿಸಿದ ಆಣೆ ಅದು.

ಅಷ್ಟರಲ್ಲಿ ಮಾವ, ಬೆಟ್ಟದ ನೆತ್ತಿಯ ಚಹಾ ಅಂಗಡಿಯಲ್ಲಿ ನಿಲ್ಲದೆ ಅವನು ಇಳಿಯುವುದಿಲ್ಲ ಎಂದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದ ಅಂಗಡಿಯವನ ನಂಬರನ್ನು ತೋರಿಸಿದರು.

ಅಂಗಡಿಯವನು ಬೇಗನೆ ಎತ್ತಿದ. ನಿಮ್ಮ ಯಜಮಾನರಾ, ಇಲ್ಲೇ ಇದ್ದರಲ್ಲ, ಇದೀಗ ಗಾಡಿ ಹತ್ತಿದರು ಎಂದ. ನಿಲ್ಲಿಸಿ, ಕೂಗಿ ಎಂದು ಇವಳು ಕಿರುಚಿದಳು. ಫೋನ್ ಹಲಗೆಯ ಮೇಲೆ ಕುಕ್ಕಿದ ಸದ್ದು. ಚಪ್ಪಲಿ ಪಟಪಟನೆ ಓಡಿತು. ದೂರದಲ್ಲಿ ಅವನ ಕೂಗು, ಅದರಾಚೆ ಅವಳಿಗೆ ಚಿರಪರಿಚಿತವಾದ ಇಂಜಿನ್ನು. ಅವಳು ಕಣ್ಣು ಮುಚ್ಚಿದಳು. ಇಂಜಿನ್ನಿನ ಸದ್ದು ನಿಲ್ಲಲಿಲ್ಲ, ತೆಳ್ಳಗಾಯಿತು.

ಚಪ್ಪಲಿ ವಾಪಸು ಬಂತು. "ಕೂಗಿದೆ ಕಣಮ್ಮ," ಎಂದ ಏದುಸಿರು ಬಿಡುತ್ತ. "ಹೋಗಿ ಬನ್ನಿ ಅಂದೆ ಅಂದ್ಕೊಂಡ್ರೋ ಏನೋ. ನಗ್ತಾ ಕೈ ಎತ್ತಿದ್ರು."

"ಬ್ರೇಕ್ ಕಳಚುತ್ತೆ. ಹಿಂದೆ ಹೋಗಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ."

ಫೋನ್ ಮತ್ತೆ ಹಲಗೆಗೆ ಬಿತ್ತು. ಸ್ಕೂಟರ್ ಒದ್ದ ಸದ್ದು, ಇನ್ನೊಮ್ಮೆ ಒದ್ದ ಸದ್ದು, ಆಮೇಲೆ ಅದೂ ಇಳಿಜಾರಿಗೆ ಇಳಿದು ಹೋಯಿತು. ಫೋನ್ ಆರಿಸಲು ಅವನು ಮರೆತಿದ್ದ. ಸೊಸೆ ತನ್ನ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮಾವ ಹತ್ತಿರ ಬಂದು, ಏನಂತೆ ಎಂದು ಕೇಳಿದರು, ಮತ್ತೆ ಕೇಳಿದರು.

ಅವಳಿಗೆ ಕೇಳುತ್ತಿದ್ದುದು ಬೆಟ್ಟದ ನೆತ್ತಿಯ ಗಾಳಿ, ಒಲೆಯ ಮೇಲೆ ಉಕ್ಕಿ ಚೆಲ್ಲುತ್ತಿದ್ದ ಹಾಲು, ಮತ್ತು ಈಗಷ್ಟೇ ಒಳಬಂದ ಯಾರೋ ಗಿರಾಕಿ, ಖಾಲಿ ಅಂಗಡಿಯಲ್ಲಿ ನಿಂತು, ಯಾರಾದ್ರೂ ಇದ್ದೀರಾ ಎಂದು ಮತ್ತೆ ಮತ್ತೆ ಕೂಗುತ್ತಿದ್ದುದು.